ಹಳೆಯ ಮೌತ್‌ಪೀಸು, ಹೊಸ ನಾದ
ಸಾಸ್ವೆಹಳ್ಳಿಯ ಕಡೆಯ ಮದುವೆಯಲ್ಲಿ ಸ್ಯಾಕ್ಸೊಫೋನ್ ಕೇಳಿದರೆ ಅದು ನಮ್ಮದೇ ವಾದ್ಯವೆಂದು ನಿಮಗೆ ಅನ್ನಿಸಬಹುದು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸಿನಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತವರು ನಾಗಸ್ವರದ ಮನೆತನದ ಕದ್ರಿ ಗೋಪಾಲನಾಥ್ (1949–2019). ಆಲ್ಟೊ ಸ್ಯಾಕ್ಸೊಫೋನಿನಲ್ಲಿ ಗಮಕ ಹೊರಡಿಸಿದ ಅವರು 1994ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ನುಡಿಸಿದರು.

ಗಮಕಕ್ಕೆ ಬೆರಳಷ್ಟೇ ಸಾಲದು, ತುಟಿಯೂ ಬೇಕು. ತುಟಿ ಹಿಡಿಯುವುದು ಮೌತ್‌ಪೀಸನ್ನು. ರೀಡ್ ಕೂರುವ ಅದರ ಮೈ ತುದಿಯತ್ತ ತುಸುವೇ ಬಾಗಿರುತ್ತದೆ. ಹಳೆಯ ಎಬೊನೈಟ್ ಮೌತ್‌ಪೀಸುಗಳನ್ನು ಉಜ್ಜಿ, ಆ ಬಾಗು ತಿದ್ದಿ ಮಾರುವವರಿದ್ದಾರೆ. ಕೊಳ್ಳುವಾಗ ಹಸಿರುಗಂದು ಬಣ್ಣಕ್ಕೆ ಹೆದರಬೇಡಿ. ಬೆಳಕಿಗೆ ಎಬೊನೈಟ್ ಹಾಗಾಗುತ್ತದೆ. ಎರಡೂ ಅಂಚು ಸಮವಾಗಿವೆಯೇ, ತುದಿ ಮುಕ್ಕಾಗಿದೆಯೇ ನೋಡಿ. ಮೇಲಿನ ಮುದ್ರೆ ಎಷ್ಟೇ ಹೆಸರಾಂತದ್ದಾಗಿರಲಿ, ಉಜ್ಜಿದ ಮೇಲೆ ನಾದ ತಿದ್ದಿದವನ ಕೈಯದು. ಅತಿಯಾಗಿ ಸವೆಸಿದ್ದನ್ನು ಮೊದಲಿನಂತೆ ಮಾಡುವುದು ಬಲು ಕಷ್ಟ. ಮಂದ್ರದಲ್ಲಿ ಮೆಲ್ಲಗೆ ನುಡಿಸಿ ನೋಡಿದ ಮೇಲಷ್ಟೇ ಹಣ ಕೊಡಿ.