ತಡೆಹಿಡಿದ ಹಣ: ಭವಿಷ್ಯ ನಿಧಿಯ ಹೊಸ ನಿಯಮಗಳು ಮತ್ತು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು

ಸಾಮಾಜಿಕ ಭದ್ರತಾ ಸಂಹಿತೆ–2020 ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. 1952ರ ಭವಿಷ್ಯ ನಿಧಿ ಕಾಯ್ದೆಯ ಸ್ಥಾನಕ್ಕೆ ಬಂದ ಈ ಸಂಹಿತೆಯಡಿ ಪಿಎಫ್ ಹಾಗೂ ಪಿಂಚಣಿ ಯೋಜನೆಗಳನ್ನು ಕೇಂದ್ರ ಸರ್ಕಾರ ಹೊಸದಾಗಿ ರೂಪಿಸಬೇಕು. ಯಾರ ದುಡಿಮೆಯ ಬದುಕನ್ನು ಮಾದರಿಯಾಗಿಟ್ಟುಕೊಂಡು ಅವನ್ನು ಬರೆಯಲಾಗುತ್ತದೆ ಎಂಬುದು ಈ ಲೇಖನದ ಪ್ರಶ್ನೆ.

ಇದಕ್ಕೆ ಬೆಂಗಳೂರಿನಲ್ಲೇ ಒಂದು ಪೂರ್ವನಿದರ್ಶನವಿದೆ. ಮಾಲೀಕರ ಪಾಲನ್ನು 58 ವರ್ಷ ತುಂಬುವ ಮುನ್ನ ಹಿಂಪಡೆಯುವಂತಿಲ್ಲ ಎಂದು 2016ರ ಫೆಬ್ರವರಿ 10ರ ಅಧಿಸೂಚನೆ ಹೇಳಿತು. ಏಪ್ರಿಲ್ 18 ಮತ್ತು 19ರಂದು ಗಾರ್ಮೆಂಟ್ಸ್ ಕಾರ್ಮಿಕರು ಹೊಸೂರು ರಸ್ತೆಗಿಳಿದರು, ಬಹುಪಾಲು ಹೆಂಗಸರು. ಎರಡನೆಯ ದಿನವೇ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅಧಿಸೂಚನೆಯನ್ನು ರದ್ದುಪಡಿಸುವುದಾಗಿ ಪ್ರಕಟಿಸಿದರು. ಆ ಪ್ರತಿಭಟನೆಯನ್ನು ವದಂತಿಗೆ ಎದ್ದ ದೊಂಬಿಯೆಂದು ತಳ್ಳಿಹಾಕುವುದು ಸುಲಭ. ನನ್ನ ಓದಿನಲ್ಲಿ ಅದರ ಹಿಂದೆ ಇದ್ದದ್ದು ಕರಾರುವಾಕ್ಕಾದ ಲೆಕ್ಕ.

ಆ ಲೆಕ್ಕ ಹೀಗಿದೆ. ತಿಂಗಳಿಗೆ 15,000 ರೂಪಾಯಿ ವೇತನಕ್ಕೆ ಕಾರ್ಮಿಕರ ವಂತಿಗೆ 1,800. ಮಾಲೀಕರು ಕಟ್ಟುವುದೂ ಅಷ್ಟೇ, ಆದರೆ ಅದರಲ್ಲಿ 1,250 ಪಿಂಚಣಿಗೆ ಹೋಗಿ, ಪಿಎಫ್ ಖಾತೆಗೆ ಉಳಿಯುವುದು 550. ಪಿಂಚಣಿ ಸಿಗಲು ಕನಿಷ್ಠ 10 ವರ್ಷ ಸೇವೆ ಬೇಕು. ಅಷ್ಟೇ ಸೇವೆಗೆ 58ರ ನಂತರ ಸಿಗುವುದು ತಿಂಗಳಿಗೆ ಸುಮಾರು 2,143 ರೂಪಾಯಿ. ಹೆರಿಗೆಗೋ ಮಕ್ಕಳನ್ನು ನೋಡಿಕೊಳ್ಳಲೋ ಕೆಲಸ ಬಿಡುವವರಿಗೆ, ಫ್ಯಾಕ್ಟರಿ ಮುಚ್ಚಿ ಬೀದಿಗೆ ಬಿದ್ದವರಿಗೆ ಆ ಮುಪ್ಪಿನ ಹಣಕ್ಕಿಂತ ಮುಂದಿನ ತಿಂಗಳ ಬಾಡಿಗೆ ದೊಡ್ಡದು. ಕಾಗದದ ಮೇಲೆ ವೃದ್ಧಾಪ್ಯದ ಉಳಿತಾಯವಾದ ಪಿಎಫ್, ಅವರ ಪಾಲಿಗೆ ನಿರುದ್ಯೋಗದ ಆಸರೆ. ಗ್ರಾಚುಟಿಯೂ ಅವರಿಗೆ ದೂರ: ಐದು ವರ್ಷದ ಷರತ್ತನ್ನು ಸಂಹಿತೆ ಒಂದು ವರ್ಷಕ್ಕೆ ಇಳಿಸಿರುವುದು ನಿಗದಿತ ಅವಧಿಯ ನೌಕರರಿಗೆ ಮಾತ್ರ.

2025ರ ಅಕ್ಟೋಬರ್ 13ರಂದು ಪಿಎಫ್ ಸಂಸ್ಥೆಯ ಕೇಂದ್ರ ಮಂಡಳಿ ಕೈಗೊಂಡ ನಿರ್ಧಾರವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕೆಲಸ ಹೋದವರಿಗೆ ಶೇ 75ರಷ್ಟು ಹಣ ಕೂಡಲೇ ದೊರೆಯುತ್ತದೆ. 2016ಕ್ಕೆ ಹೋಲಿಸಿದರೆ ಇದು ಉದಾರವೇ. ಆದರೆ ಪೂರ್ತಿ ಇತ್ಯರ್ಥಕ್ಕೆ ಕಾಯಬೇಕಾದ ಅವಧಿ ಎರಡು ತಿಂಗಳಿಂದ ಹನ್ನೆರಡಕ್ಕೆ, ಪಿಂಚಣಿ ಹಣಕ್ಕೆ 36ಕ್ಕೆ ಏರಿದೆ. ಇತ್ತ ಇಎಸ್ಐನ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ನಿರುದ್ಯೋಗಿಗೆ ಅರ್ಧ ವೇತನ ಕೊಡುವುದು ಗರಿಷ್ಠ 90 ದಿನ, ಅದೂ ಜೀವಮಾನದಲ್ಲಿ ಒಮ್ಮೆ. ಈ ನೆರವನ್ನು ಹಿಗ್ಗಿಸದೆ ಕಾಯುವ ಅವಧಿಯನ್ನಷ್ಟೇ ಹಿಗ್ಗಿಸುವುದು ನ್ಯಾಯವಲ್ಲ. ಹೊಸ ಯೋಜನೆಗಳು ಅಂತಿಮಗೊಳ್ಳುವ ಮೊದಲು ಮಂಡಳಿ ಗಾರ್ಮೆಂಟ್ಸ್ ಕಾರ್ಮಿಕ ಸಂಘಗಳ ಅಹವಾಲನ್ನು ಬೆಂಗಳೂರಿಗೇ ಬಂದು ಕೇಳಬೇಕು.