ಮಾತಾಡಿಕೊಂಡು ಓಡಿದವರು

ಬೆಳಗಿನ ಆರು ಗಂಟೆಗೆ ಬೆಂಗಳೂರಿನ ಲಾಲ್‌ಬಾಗಿಗೋ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಗೋ ಹೋಗುವ ಅಭ್ಯಾಸವಿದ್ದವರಿಗೆ ಈ ದೃಶ್ಯ ಪರಿಚಿತ. ಹೊಸ ಬೂಟು ತೊಟ್ಟವರೊಬ್ಬರು ರಭಸದಿಂದ ಓಡಿ ಬರುತ್ತಾರೆ. ಐದೇ ನಿಮಿಷಕ್ಕೆ ಏದುಸಿರು ಬಿಡುತ್ತ, ಸೊಂಟದ ಮೇಲೆ ಕೈಯಿಟ್ಟುಕೊಂಡು ಕಲ್ಲುಬೆಂಚು ಹುಡುಕುತ್ತಾರೆ. ನಾಲ್ಕು ದಿನ ಹೀಗೆ ನಡೆದು ಐದನೆಯ ದಿನ ಬೂಟು ಮೂಲೆ ಸೇರುತ್ತದೆ. ಓಟ ನಮ್ಮಂಥವರಿಗೆ ಹೇಳಿದ್ದಲ್ಲ ಎಂಬ ತೀರ್ಮಾನವೂ ಆಗಿಹೋಗುತ್ತದೆ. ಇಂಥವರು ಸೋಲುವುದು ಓಟಕ್ಕಲ್ಲ, ಅವಸರಕ್ಕೆ. ಈ ಮಾತನ್ನು ಪ್ರಯೋಗ ಮಾಡಿ ತೋರಿಸಿದವನು ವೈದ್ಯನೂ ಅಲ್ಲ, ವಿಜ್ಞಾನಿಯೂ ಅಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಬೂಟಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಆರ್ಥರ್ ಲಿಡಿಯಾರ್ಡ್.

1917ರಲ್ಲಿ ಹುಟ್ಟಿದ ಲಿಡಿಯಾರ್ಡ್ ಹರೆಯದಲ್ಲಿ ರಗ್ಬಿ ಆಡುತ್ತಿದ್ದ. ತಾನು ಗಟ್ಟಿಮುಟ್ಟಾಗಿದ್ದೇನೆಂಬ ನಂಬಿಕೆ ಅವನಿಗಿತ್ತು. 1940ರ ದಶಕದ ನಡುವಿನಲ್ಲಿ, ತನಗಿಂತ ಹಿರಿಯನಾದ ಜ್ಯಾಕ್ ಡೋಲನ್ ಎಂಬ ಕ್ಲಬ್ ಅಧ್ಯಕ್ಷನ ಜತೆ ಐದು ಮೈಲಿ ಓಡಲು ಹೋಗಿ, ಮುಗಿಸುವಷ್ಟರಲ್ಲಿ ಜೀವ ಹಣ್ಣಾಯಿತು. ಇಪ್ಪತ್ತೇಳರ ಸುಮಾರಿನಲ್ಲೇ ಹೀಗಾದರೆ ನಲವತ್ತೇಳಕ್ಕೆ ನನ್ನ ಗತಿಯೇನು ಎಂಬ ಪ್ರಶ್ನೆ ಅವನನ್ನು ಕಾಡಿತು. ಮುಂದಿನದೆಲ್ಲ ಹುಟ್ಟಿದ್ದು ಈ ಭಯದಿಂದಲೇ.

ಆ ಕಾಲದ ಓಟದ ಗುರುಗಳು ಹೇಳುತ್ತಿದ್ದುದು ಬೇರೆ. ಜರ್ಮನಿಯ ವೋಲ್ಡೆಮಾರ್ ಗೆರ್ಶ್ಲರ್, ಅಲ್ಪ ದೂರವನ್ನು ವೇಗವಾಗಿ ಓಡುವುದು, ನಡುವೆ ಸುಧಾರಿಸಿಕೊಳ್ಳುವುದು, ಮತ್ತೆ ಓಡುವುದು ಎಂಬ ಪದ್ಧತಿಯನ್ನು ರೂಪಿಸಿದ್ದ. ಅವನ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ 800 ಮೀಟರ್ ಓಟದಲ್ಲಿ ವಿಶ್ವದಾಖಲೆ ಮಾಡಿದ ಮೇಲೆ ಅದಕ್ಕೆ ಎದುರಾಡುವವರೇ ಇರಲಿಲ್ಲ. ಲಿಡಿಯಾರ್ಡ್‌ಗೆ ಗುರುವೂ ಇರಲಿಲ್ಲ, ಪ್ರಯೋಗಶಾಲೆಯೂ ಇರಲಿಲ್ಲ. ಇದ್ದುದು ಎರಡು ಕಾಲು, ಕೆಲಸದ ಹಿಂದು ಮುಂದಿನ ಬಿಡುವು. ಕೆಲವು ವಾರ ಅತಿ ಕಡಿಮೆ ಓಡಿ ನೋಡಿದ, ಕೆಲವು ವಾರ ಮೈಮುರಿಯುವಷ್ಟು ಹೆಚ್ಚು ಓಡಿದ. ವರ್ಷಗಟ್ಟಲೆ ಹೀಗೆ ಏಗಿದ ಮೇಲೆ ಅವನು ತಲುಪಿದ ಲೆಕ್ಕ ವಾರಕ್ಕೆ ನೂರು ಮೈಲಿ, ಅಂದರೆ 160 ಕಿಲೋಮೀಟರ್. ಅದೂ ದಮ್ಮು ಕಟ್ಟದ ಹದದಲ್ಲಿ. 1953ರಲ್ಲೂ 1955ರಲ್ಲೂ ನ್ಯೂಜಿಲೆಂಡಿನ ಮ್ಯಾರಥಾನ್ ಪ್ರಶಸ್ತಿ ಅವನದಾಯಿತು.

ನೆರೆಹೊರೆಯ ಹುಡುಗರು ಅವನ ಹಿಂದೆ ಓಡತೊಡಗಿದರು. ಭಾನುವಾರ ವೈಟಾಕೆರೆ ಬೆಟ್ಟಸಾಲಿನ ಏರಿಳಿತದಲ್ಲಿ 22 ಮೈಲಿಯ ಸುತ್ತು. ಮ್ಯಾರಥಾನ್ ಓಡುವವನಿಗೂ ಅದೇ, ಎರಡೇ ನಿಮಿಷದೊಳಗೆ ಮುಗಿಯುವ 800 ಮೀಟರಿನವನಿಗೂ ಅದೇ. ಟೆನಿಸ್ ಬಿಟ್ಟು ಬಂದಿದ್ದ ಪೀಟರ್ ಸ್ನೆಲ್ ಮೊದಲ ಸಲ ಈ ಸುತ್ತು ಮುಗಿಸುವಾಗ ಕುಸಿದುಹೋಗುವ ಸ್ಥಿತಿಯಲ್ಲಿದ್ದ. ಪಂಡಿತರು ನಕ್ಕರು. 1960ರ ಸೆಪ್ಟೆಂಬರ್ 2ರಂದು ರೋಮ್ ಒಲಿಂಪಿಕ್ಸ್‌ನಲ್ಲಿ ಅದೇ ಸ್ನೆಲ್ 800 ಮೀಟರಿನ ಚಿನ್ನ ಗೆದ್ದ. ಸ್ವಲ್ಪ ಹೊತ್ತಿಗೆಲ್ಲ, ರಗ್ಬಿಯಲ್ಲಿ ಪೆಟ್ಟಾಗಿ ಎಡಗೈ ಸೊರಗಿದ್ದ ಮರ್ರೆ ಹಾಲ್ಬರ್ಗ್ 5000 ಮೀಟರಿನ ಚಿನ್ನ ಗೆದ್ದ. ಬ್ಯಾರಿ ಮ್ಯಾಗಿಗೆ ಮ್ಯಾರಥಾನಿನಲ್ಲಿ ಕಂಚು. ಮೂವರೂ ಬೂಟಿನ ಕಾರ್ಖಾನೆಯವನ ಶಿಷ್ಯರು!

ಆದರೆ ಪದಕಗಳಿಗಿಂತ ದೊಡ್ಡದು ಇದರ ಮುಂದಿನ ಕತೆ ಎಂಬುದು ನನ್ನ ಎಣಿಕೆ. ಹೃದಯಾಘಾತವಾದವನು ವಾರಗಟ್ಟಲೆ ಹಾಸಿಗೆ ಬಿಟ್ಟೇಳಬಾರದು, ಆಮೇಲೂ ಮೈ ದಂಡಿಸಬಾರದು ಎಂದೇ ಆಗ ಬಹಳಷ್ಟು ವೈದ್ಯರು ಹೇಳುತ್ತಿದ್ದರು. ಲಂಡನ್ನಿನ ಜೆರಿಮಿ ಮಾರಿಸ್ 1953ರಲ್ಲಿ ಒಂದು ಸ್ವಾರಸ್ಯದ ಅಧ್ಯಯನ ಪ್ರಕಟಿಸಿದ್ದರು. ಎರಡಂತಸ್ತಿನ ಬಸ್ಸಿನಲ್ಲಿ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರಿಗಿಂತ, ಕುಳಿತೇ ಇರುವ ಡ್ರೈವರಿಗೆ ಹೃದ್ರೋಗ ಹೆಚ್ಚು ಎಂಬುದು ಅದರ ಸಾರ. ಹಳೆಯ ಅಂಜಿಕೆ ಮಾತ್ರ ಅಷ್ಟು ಸುಲಭಕ್ಕೆ ಹೋಗಲಿಲ್ಲ. ಇಂಥ ಹೊತ್ತಿನಲ್ಲಿ, ಹೊಟ್ಟೆ ಬಂದ, ಎದೆನೋವು ಕಂಡ ನಡುವಯಸ್ಸಿನ ಗೃಹಸ್ಥರಿಗೆ ಲಿಡಿಯಾರ್ಡ್ ಓಟ ಹೇಳಿಕೊಟ್ಟ. ಮುಂದೆ ಆಕ್ಲೆಂಡಿನ ಮೇಯರ್ ಆದ ಕಾಲಿನ್ ಕೇ ಮುಂದಾಳುತನದಲ್ಲಿ 1962ರಲ್ಲಿ ಅಲ್ಲಿ ಜಾಗಿಂಗ್ ಕ್ಲಬ್ ಹುಟ್ಟಿತು.

ಕ್ರಮ ಬಹಳ ಸರಳ. ಮೈಲಿ ಎಣಿಸಬೇಡಿ, ಗಡಿಯಾರ ನೋಡಿ. ಒಂದೇ ದಿಕ್ಕಿನಲ್ಲಿ ಕಾಲು ಗಂಟೆ ಓಡಿ, ತಿರುಗಿ ಬನ್ನಿ. ವಾಪಸು ಬರಲು ಇಪ್ಪತ್ತು ನಿಮಿಷ ಹಿಡಿಯಿತೇ? ಹಾಗಾದರೆ ಹೋಗುವಾಗ ನಿಮ್ಮ ಅಳವಿಗೆ ಮೀರಿ ಓಡಿದಿರಿ. ಕಾಲು ಗಂಟೆ ಹೆಚ್ಚೆನಿಸಿದರೆ ಐದು ನಿಮಿಷ ಸಾಕು. ಪಕ್ಕದಲ್ಲಿ ಓಡುವವನ ಜತೆ ಮಾತಾಡಲು ಆಗುತ್ತಿದೆಯೆಂದರೆ ಹದ ಸರಿಯಿದೆ. ಮಾತು ತುಂಡಾಯಿತೆಂದರೆ ನಿಧಾನಿಸಿ. ನಾಡಿ ತೋರಿಸುವ ಕೈಗಡಿಯಾರ ಕಟ್ಟಿದವರಿಗೂ ಇದಕ್ಕಿಂತ ಸುಲಭದ ಅಳತೆ ಇಲ್ಲವೆನ್ನಿ.

ಅದೇ ವರ್ಷದ ಕೊನೆಗೆ ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ತರಬೇತುದಾರ ಬಿಲ್ ಬೋವರ್ಮನ್ ತನ್ನ ಓಟಗಾರರೊಡನೆ ನ್ಯೂಜಿಲೆಂಡಿಗೆ ಬಂದ. ಭಾನುವಾರದ ಜಾಗಿಂಗಿಗೆ ಅವನೂ ಹೊರಟ. ಜಗತ್ತಿನ ಹೆಸರಾಂತ ಓಟದ ಗುರು, ವಯಸ್ಸು ಐವತ್ತರ ಮೇಲೆ. ಆದರೆ ಓಟಗಾರರಿಗೆ ಹೇಳಿಕೊಡುವುದು ಬೇರೆ, ತಾನೇ ಓಡುವುದು ಬೇರೆ. ಸ್ವಲ್ಪದರಲ್ಲೇ ಅವನು ಎಲ್ಲರಿಗಿಂತ ಹಿಂದೆ ಬಿದ್ದ. ಎಪ್ಪತ್ತು ದಾಟಿದ, ಹೃದಯಾಘಾತದಿಂದ ಬದುಕುಳಿದಿದ್ದ ಮುದುಕನೊಬ್ಬ ಅವನ ಮೇಲೆ ಕನಿಕರಪಟ್ಟು ಜತೆಗೆ ಉಳಿದು, ಮಾತಾಡುತ್ತಲೇ ಕರೆದುಕೊಂಡು ಬಂದ. ಉತ್ತರ ಕೊಡಲು ಬೋವರ್ಮನ್‌ಗೆ ಉಸಿರಿರಲಿಲ್ಲ.

ಊರಿಗೆ ಮರಳಿದವನೇ 1963ರಲ್ಲಿ ಯೂಜೀನ್ ಪಟ್ಟಣದ ಜನಸಾಮಾನ್ಯರಿಗೆ ಜಾಗಿಂಗ್ ತರಗತಿ ಆರಂಭಿಸಿದ. ಹೃದ್ರೋಗ ತಜ್ಞ ವಾಲ್ಡೋ ಹ್ಯಾರಿಸ್ ಜತೆ ಅವನು ಬರೆದ ‘ಜಾಗಿಂಗ್’ ಪುಸ್ತಕ ಬಿಸಿ ದೋಸೆಯಂತೆ ಖರ್ಚಾಯಿತು. ಬೋವರ್ಮನ್ ತನ್ನ ಶಿಷ್ಯ ಫಿಲ್ ನೈಟ್ ಜತೆ ಕಟ್ಟಿದ ಬೂಟಿನ ಕಂಪನಿಯೇ ಮುಂದೆ ನೈಕಿ ಆಯಿತು.

ನಿಧಾನದ ಓಟದಲ್ಲಿ ದೇಹದೊಳಗೆ ನಡೆಯುವುದೇನು? ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ದೂಡಲು ಕಲಿಯುತ್ತದೆ, ಮಾಂಸಖಂಡದಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ, ಕೊಬ್ಬನ್ನು ಉರಿಸುವ ಶಕ್ತಿ ಬೆಳೆಯುತ್ತದೆ. ಹೊಸಬರು ಎಡವುವುದು ಮುಂದಿನ ಹಂತದಲ್ಲಿ. ಉಸಿರಾಟ ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ, ಹುಮ್ಮಸ್ಸೂ ಏರುತ್ತದೆ. ಆದರೆ ಎಲುಬು, ಅದಕ್ಕೆ ಮಾಂಸಖಂಡವನ್ನು ಬಿಗಿಯುವ ಸ್ನಾಯುರಜ್ಜು ಗಟ್ಟಿಯಾಗಲು ತಿಂಗಳುಗಳೇ ಬೇಕು. ಎದೆ ಓಡು ಅನ್ನುತ್ತದೆ, ಕಾಲು ತಡಿ ಅನ್ನುತ್ತದೆ. ಹಿಮ್ಮಡಿ ನೋವು, ಮೊಣಕಾಲ ಕೆಳಗಿನ ಎಲುಬಿನ ನೋವು ಬರುವುದು ಸಾಮಾನ್ಯವಾಗಿ ಆಗಲೇ. 2008ರಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರಿನ ದೊಡ್ಡ ಓಟ ಆರಂಭವಾದ ಮೇಲೆ, ಹೆಸರು ನೋಂದಾಯಿಸಿ, ದಿನ ಹತ್ತಿರ ಬಂದಾಗ ಓಡಲು ತೊಡಗುವವರನ್ನು ನಾವೆಲ್ಲ ಕಂಡಿದ್ದೇವಲ್ಲ!

ಇಷ್ಟಾದರೂ ಓಟ ಹೃದಯಕ್ಕೆ ಮಾಡಿಸಿದ ವಿಮೆಯಲ್ಲ. 1977ರಲ್ಲಿ ಓಟದ ಬಗ್ಗೆ ಜನಪ್ರಿಯ ಪುಸ್ತಕ ಬರೆದು ಅಮೆರಿಕವನ್ನೇ ಓಡಿಸಿದ ಜಿಮ್ ಫಿಕ್ಸ್, 1984ರಲ್ಲಿ ಓಟಕ್ಕೆ ಹೋದಾಗಲೇ ಹೃದಯಾಘಾತದಿಂದ ಸತ್ತ. ವಯಸ್ಸು 52. ಅವನ ತಂದೆ ಹೃದ್ರೋಗದಿಂದ ತೀರಿಕೊಂಡದ್ದು 43ಕ್ಕೆ. ನಲವತ್ತು ದಾಟಿದವರು, ಮನೆತನದಲ್ಲಿ ಹೃದ್ರೋಗ ಇರುವವರು ಬೂಟು ಕೊಳ್ಳುವ ಮೊದಲು ವೈದ್ಯರನ್ನು ಕಾಣುವುದು ಲೇಸು.

ಪೀಟರ್ ಸ್ನೆಲ್ ಓಟ ಬಿಟ್ಟ ಮೇಲೆ ಅಮೆರಿಕಕ್ಕೆ ಹೋಗಿ ವ್ಯಾಯಾಮ ಶರೀರಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಡಲ್ಲಾಸಿನಲ್ಲಿ ಸಂಶೋಧಕನಾದ. 22 ಮೈಲಿಯ ಸುತ್ತು 800 ಮೀಟರಿನವನಿಗೆ ಏಕೆ ಒದಗಿತೆಂದು ಅವನೇ ವಿವರಿಸಿದ: ಬಹಳ ಹೊತ್ತು ಓಡಿದಾಗ ನಿಧಾನದ ಕೆಲಸಕ್ಕೆ ಒದಗುವ ಸ್ನಾಯುತಂತುಗಳ ದಾಸ್ತಾನು ಬರಿದಾಗುತ್ತದೆ, ಆಗ ವೇಗದ ತಂತುಗಳೂ ನೊಗಕ್ಕೆ ಹೆಗಲು ಕೊಡಬೇಕಾಗುತ್ತದೆ. ಗುರು ಇದನ್ನು ಓದಿ ತಿಳಿದವನಲ್ಲ. ಲಿಡಿಯಾರ್ಡ್ 2004ರ ಡಿಸೆಂಬರ್‌ನಲ್ಲಿ, 87ನೆಯ ವಯಸ್ಸಿನಲ್ಲಿ ತೀರಿಕೊಂಡ; ಅಮೆರಿಕದ ಟೆಕ್ಸಾಸಿನಲ್ಲಿ, ಓಟದ ಬಗ್ಗೆ ಉಪನ್ಯಾಸ ಕೊಡುತ್ತ ಊರೂರು ಸುತ್ತುತ್ತಿದ್ದಾಗ.