ಕಾಫಿ ತೋಟದ ನೆರಳು

ಖರಾಡಿಯಲ್ಲಿ ಮುಳಾ-ಮುಠಾ ನದಿಯ ಬದಿಯ ಹೊಲಗಳು ಹೋಗಿ ಕಚೇರಿಗಳ ಕಟ್ಟಡಗಳು ಎದ್ದಿವೆ. ಸ್ವಂತ ಜಮೀನಿನಲ್ಲಿ ಎಷ್ಟು ಮರ ಉಳಿಯಬೇಕೆಂದು ಇಲ್ಲಿ ಕೇಳುವವರು ವಿರಳ. ಆದರೆ ನಾವು ಬೆಳಿಗ್ಗೆ ಕುಡಿಯುವ ಕಾಫಿಯ ಊರಾದ ಕೊಡಗಿನಲ್ಲಿ ಈ ಪ್ರಶ್ನೆಗೆ ದೀರ್ಘ ಇತಿಹಾಸವಿದೆ.

1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಕಾಫಿ ತೋಟ ತೆರೆದನು. ಅವನ ಬೆನ್ನಿಗೆ ಬಂದ ಅನೇಕರು ಕಾಡನ್ನು ಬೋಳಿಸಿ ಬಿಸಿಲಿನಲ್ಲೇ ಗಿಡ ನೆಟ್ಟರು. 1860ರ ದಶಕದಲ್ಲಿ ಕಾಂಡಕೊರಕ ಹುಳು ತೋಟಗಳನ್ನು ಹಾಳುಮಾಡಿತು. ಬಿಸಿಲು ತಗುಲುವ ತೊಗಟೆಯ ಬಿರುಕಿನಲ್ಲಿ ಅದರ ದುಂಬಿ ಮೊಟ್ಟೆಯಿಡುತ್ತದೆ. ಇದನ್ನು ಪರಿಶೀಲಿಸಿದ ಡಾ. ಜಾರ್ಜ್ ಬಿಡೀ 1869ರ ವರದಿಯಲ್ಲಿ ನೆರಳು ಬೇಕೆಂದು ಸಲಹೆಯಿತ್ತರು.

ನೆರಳು ಅತಿಯಾದರೂ ಕಷ್ಟವೇ: ಹೂ ಕಡಿಮೆಯಾಗುತ್ತದೆ, ಮಳೆಗಾಲದಲ್ಲಿ ಕೊಳೆರೋಗ ಬರುತ್ತದೆ. ಆದ್ದರಿಂದ ಮಳೆಗೆ ಮುಂಚೆ ಕೊಂಬೆ ಕಡಿದು ನೆರಳನ್ನು ಹದಕ್ಕೆ ತರುವುದು ರೂಢಿಯಾಯಿತು. ಈ ಹದದಲ್ಲಿ ಕಾಡುಪ್ರಾಣಿಗಳಿಗೂ ಪಾಲು ಸಿಕ್ಕಿತು. ಅತ್ತಿಹಣ್ಣು ಮಂಗಟ್ಟೆ ಹಕ್ಕಿಗೆ ಆಹಾರ. ಹಳೆಯ ಮರದ ಪೊಟರೆ ಅದರ ಬಾಣಂತಿಕೋಣೆ. ಕೊಂಬೆಗೆ ಕೊಂಬೆ ತಾಗುವಂತಿದ್ದರೆ ಕೆಂಜಳಿಲು ನೆಲ ಮುಟ್ಟದೆ ತೋಟ ದಾಟುತ್ತದೆ.

ಈ ಹದ ಕೆಟ್ಟದ್ದು ಕಾನೂನಿನ ದಾರಿಯಲ್ಲಿ. ಗದ್ದೆಯೊಡನೆ ರೈತನಿಗೆ ಸೊಪ್ಪು, ಸೌದೆ, ಮೇವಿಗಾಗಿ ಕಂದಾಯವಿಲ್ಲದೆ ಬಿಟ್ಟ ಜಾಗಕ್ಕೆ ಬಾಣೆಯೆನ್ನುತ್ತಾರೆ. 1899ರ ಭೂಕಂದಾಯ ಕಾಯಿದೆ ಇದನ್ನು ಕ್ರಮಪಡಿಸಿತು. ಮನೆಬಳಕೆಗೆ ಮರ ಸಿಕ್ಕೀತು, ಮಾರಾಟಕ್ಕಲ್ಲ. ಮುಂದೆ ಬಾಣೆಗಳಲ್ಲಿ ಕಾಫಿ ಬಂದಿತು. ಜಾಗ ರೈತನ ಕೈಯಲ್ಲಿ, ಬೀಟೆ-ನಂದಿ ಸರಕಾರದ ಲೆಕ್ಕದಲ್ಲಿ! 1976ರ ಮರ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ಕಡಿಯಲು ಅನುಮತಿಯೂ ಬೇಕಾಯಿತು. ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್‌ಗೆ ವಿನಾಯಿತಿ ದೊರೆಯಿತು. ಅದು ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಕಡಿದರೆ ಕಾಸು ಕೈಗೆ ಬರುತ್ತದೆ. ಹೀಗೆ ಊರಮರ ಹೋದಲ್ಲಿ ಅದು ಬಂದು ನಿಂತಿತು. ಕಡತಗಳ ನಡುವೆ ದಿನ ಕಳೆಯುವ ನಮ್ಮಂಥವರಿಗೆ ಬೆಳೆಗಾರನ ಈ ಲೆಕ್ಕ ತಿಳಿಯದ್ದಲ್ಲ.

ಮರಗಳನ್ನು ಎಣಿಸಿದರೆ ತೋಟ ಈಗಲೂ ದಟ್ಟವಾಗಿಯೇ ಕಂಡೀತು. ಆದರೆ ಸಿಲ್ವರ್ ಓಕ್‌ನಲ್ಲಿ ಮಂಗಟ್ಟೆಗೆ ಹಣ್ಣಿಲ್ಲ. ಮರ ಕಾದವನಿಗೆ ಮರದ ಮೇಲೆ ಹಕ್ಕಿಲ್ಲವೆಂದರೆ ಕಾಯುವ ಮನಸ್ಸು ಎಲ್ಲಿಂದ ಬರಬೇಕು? ಅತ್ತಿಮರ ಉಳಿಸಿದವನಿಗೆ ನಷ್ಟವಾಗದಂಥ ಕಾನೂನು ಬಂದರೆ ಹಕ್ಕಿಯೂ ಉಳಿದೀತು, ಕಾಫಿಯೂ ಉಳಿದೀತು.